ನಂಗೊಂದ್ ಜಾಗ ಗೊತ್ತು

ಮಂಡ್ಯ ಜಿಲ್ಲೆಗೆ ಸಮುದ್ರವಿಲ್ಲ. ಜಿಲ್ಲೆಯ ಜನ ಇದನ್ನು ಹುಟ್ಟಿದಾಗಿನಿಂದ ಒಪ್ಪಿಕೊಂಡು, ಕಬ್ಬು ಭತ್ತ ಬೆಳೆದುಕೊಂಡು, ಕಾವೇರಿಗಾಗಿ ಆಗಾಗ ಹೆದ್ದಾರಿ ತಡೆದುಕೊಂಡು ನೆಮ್ಮದಿಯಾಗಿದ್ದಾರೆ. ಒಪ್ಪದವರು ನಮ್ಮ ಭಾವ. ಅವರೊಬ್ಬರೇ ಅಂತಲೂ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಗಳಲ್ಲಿ ಮನೆಗೊಬ್ಬರು ಇಲ್ಲದಿದ್ದರೂ ಬೀದಿಗೊಬ್ಬರು ಇಂಥ ಭಾವ ಇದ್ದೇ ಇರುತ್ತಾರೆ. ಕೆಲವು ಮನೆಗಳಲ್ಲಿ ಸೋದರಮಾವ, ಇನ್ನು ಕೆಲವುಗಳಲ್ಲಿ ರಿಟೈರಾದ ದೊಡ್ಡಪ್ಪ. ಬೆಂಗಳೂರಿನಿಂದ ಬಂದ ನೆಂಟರು ಕಾಫಿ ಲೋಟ ಕೆಳಗಿಟ್ಟು, "ಎಲ್ಲಾದ್ರೂ ನೀರಿರೋ ಕಡೆ ಹೋಗೋಣ್ವಾ?" ಅಂದರೆ ಸಾಕು, ಇವರು ಕುರ್ಚಿಯ ಅಂಚಿಗೆ ಸರಿದು, ದನಿ ತಗ್ಗಿಸಿ, ಪಕ್ಕದ ಮನೆಯವರು ಕಿಟಕಿಗೆ ಕಿವಿ ಹಚ್ಚಿದ್ದಾರೆಂಬ ಅನುಮಾನದಿಂದ ಒಮ್ಮೆ ಆಚೀಚೆ ನೋಡಿ ಹೇಳುತ್ತಾರೆ: "ನಂಗೊಂದ್ ಜಾಗ ಗೊತ್ತು. ಒಬ್ಬ ನರಪಿಳ್ಳೆ ಬರಲ್ಲ."

ಭಾವನಿಗೆ ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ. ಯೂರಿಯಾ ಸಾಲ ತಗೊಂಡು ತಲೆ ಮರೆಸಿಕೊಂಡವರನ್ನು ಹುಡುಕುತ್ತ ಊರೂರು ಅಲೆದವರಾದ್ದರಿಂದ ಮೂರು ತಾಲ್ಲೂಕಿನ ಗಾಡಿದಾರಿ, ಕಾಲುದಾರಿ, ನಾಲೆ ಏರಿ ಎಲ್ಲ ಬಾಯಿಪಾಠ. ಹುಟ್ಟಿದ್ದು ನಾಗಮಂಗಲದ ಕಡೆ. ಅಲ್ಲಿ ಸೌಮ್ಯಕೇಶವನ ಗುಡಿಯಿದೆ, ಹಿತ್ತಾಳೆಯಲ್ಲಿ ದೇವರನ್ನೇ ಎರಕ ಹೊಯ್ಯುವ ಕೈಗಳಿವೆ, ಆದಿಚುಂಚನಗಿರಿಯಿದೆ. ಕಾಲು ಇಳಿಬಿಟ್ಟು ಕೂರಲು ಹೊಳೆಯೊಂದು ಮಾತ್ರ ಇವರ ಊರಿನ ಹತ್ತಿರ ಇರಲಿಲ್ಲ. ಬಾಲ್ಯದಲ್ಲಿ ನೀರೆಂದರೆ ಕರೆಂಟಿನ ಜೊತೆ ಬಂದು ಕರೆಂಟಿನ ಜೊತೆಯೇ ಹೊರಟುಹೋಗುವ ಪದಾರ್ಥ. ಮದುವೆಯಾಗಿ ನೀರಾವರಿ ಬಯಲಿಗೆ ಬಂದು, ವಿಶ್ವೇಶ್ವರಯ್ಯ ನಾಲೆ ಅಂಚು ಮುಟ್ಟಿ ಹರಿಯುವುದನ್ನು ಕಂಡವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಇವತ್ತಿಗೂ ನೀರು ಕಂಡರೆ ಪ್ಯಾಂಟು ಮಡಿಸುತ್ತಾರೆ, ಅದು ಬಸ್ ಸ್ಟ್ಯಾಂಡಿನ ಗುಂಡಿಯಲ್ಲಿ ನಿಂತಿದ್ದರೂ.

ಹಾಗಂತ ಕಂಡಕಂಡ ನೀರಿಗೆ ಕರೆದೊಯ್ಯುವವರಲ್ಲ. ಊರಿಗೆಲ್ಲ ಗೊತ್ತಿರುವ ನೀರು ಅವರ ಲೆಕ್ಕದಲ್ಲಿ ನೀರೇ ಅಲ್ಲ. ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗೋಣವೆಂದರೆ, "ಅಲ್ಲಿ ಕಾವೇರಿಗಿಂತ ತೆಪ್ಪದೋರೇ ಜಾಸ್ತಿ" ಅನ್ನುತ್ತಾರೆ. ಬಲಮುರಿ ಅಂದರೆ, "ಅದು ಒಳೆ ಅಲ್ಲ ಕಣಯ್ಯ, ಶೂಟಿಂಗ್ ಸೆಟ್ಟು. ಅರ್ಧ ಕನ್ನಡ ಇಂಡಸ್ಟ್ರಿ ಅಲ್ಲೇ ನೆಂದು ನೆಗಡಿ ಮಾಡ್ಕಂಡೈತೆ." ಗಂಜಾಂ ನಿಮಿಷಾಂಬ ಅಂದರೆ, "ಬೇಡ್ಕಂಡಿದ್ದು ನಿಮಿಷಕ್ಕೇ ಆಯ್ತದೆ, ಕಾರ್ ನಿಲ್ಸಕ್ಕೆ ಎರಡು ಗಂಟೆ."

ರಂಗನತಿಟ್ಟಿನ ಮೇಲೆ ಮಾತ್ರ ಅವರಿಗೆ ವೈಯಕ್ತಿಕ ಸಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಜಿಲ್ಲೆಯವರು ಹೆಮ್ಮೆಪಡುವ ಈ ಚರಿತ್ರೆ ಭಾವನಿಗೆ ವಿಶ್ವಾಸದ್ರೋಹದ ಕಥೆ. "ದೊಡ್ಡ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಒಬ್ರೇ ಬಂದು ಒಬ್ರೇ ನೋಡ್ಕಂಡ್ ಓಗಿದ್ರೆ ಏನಾಗದು? ಓಗಿ ಮಾರಾಜ್ರಿಗೆ ಹೇಳ್ಬುಟ್ರು! ಈಗ ಮೊಸಳೆ ಕೂಡ ನೆಮ್ದಿಯಾಗಿ ಬಾಯ್ ತಕ್ಕಂಡ್ ಮಲಗಂಗಿಲ್ಲ, ಎದುರ್ಗೆ ಕ್ಯಾಮ್ರಾ ಹಿಡ್ಕಂಡ್ ದೋಣಿ ಬತ್ತದೆ."

ಭಾವನ ಮಾತಿನಲ್ಲಿ ಜಾಗಗಳಿಗೆ ಎರಡೇ ಸ್ಥಿತಿ. ಒಂದು, ಯಾರಿಗೂ ಗೊತ್ತಿಲ್ಲ. ಇನ್ನೊಂದು, ಕೆಟ್ಟೋಯ್ತು. ಮೊದಲನೆಯದರಿಂದ ಎರಡನೆಯದಕ್ಕೆ ಜಾರಲು ಸುಮಾರು ಒಂದು ವರ್ಷ ಬೇಕು.

ತೊಣ್ಣೂರು ಕೆರೆ ಹೀಗೆ ಜಾರಿದ ಮೊದಲನೆಯದು. ಪಾಂಡವಪುರಕ್ಕೆ ಹತ್ತಿರವೇ ಇರುವ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ಹಳೇ ಕೆರೆಗೆ ರಾಮಾನುಜಾಚಾರ್ಯರು ತಿರುಮಲಸಾಗರ ಅಂತ ಹೆಸರಿಟ್ಟರಂತೆ. ಆಮೇಲೆ 1746ರಲ್ಲಿ ನಿಜಾಮನ ಮಗ ನಾಸಿರ್ ಜಂಗ್ ಬಂದವನು ತಳದ ಕಲ್ಲು ಕಾಣುವ ತಿಳಿನೀರಿಗೆ ಮರುಳಾಗಿ ಮೋತಿ ತಲಾಬ್ ಅಂದ. ಇದನ್ನು ಭಾವನಿಗೆ ಹೇಳಿದವನು ನಾನೇ. ಅವರು ಏರಿಯ ಮೇಲೆ ನಿಂತ ಟೆಂಪೊ ಟ್ರಾವೆಲರುಗಳ ಸಾಲನ್ನು ಬೇಸರದಿಂದ ನೋಡುತ್ತ, "ನೋಡಿದ್ಯಾ, ಐದ್ರಾಬಾದ್‌ನೋರು ಆಗ್ಲೇ ಬರಕ್ ಶುರು ಮಾಡ್ಬುಟ್ಟಿದ್ರು" ಅಂದರು.

ಆಮೇಲೆ ಭಾವ ಕೆ.ಆರ್. ಪೇಟೆ ಕಡೆ ತಿರುಗಿದರು. ಹೇಮಗಿರಿಯಲ್ಲಿ ಅಣೆಕಟ್ಟೆಯ ಮೇಲಿಂದ ಹೇಮಾವತಿ ಹಾಲು ಸುರಿದಂತೆ ಜಾರುತ್ತದೆ. ದನಗಳ ಜಾತ್ರೆ ಬಿಟ್ಟರೆ ಜನವಿಲ್ಲವೆಂದು ನಂಬಿದ್ದರು. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು, ಅವರ ಹಿಂದೆ ಡ್ರೋನು ಹಿಡಿದವನು, ಅವನ ಹಿಂದೆ ಸೀರೆ ಸೆರಗು ಹಾರಿಸಲೆಂದೇ ನೇಮಕಗೊಂಡ ಹುಡುಗ, ಎಲ್ಲರೂ ಬಂದರು. ಕೆಟ್ಟೋಯ್ತು. ವರಾಹನಾಥ ಕಲ್ಲಹಳ್ಳಿಯಲ್ಲಿ ಭೂವರಾಹಸ್ವಾಮಿಯ ಹಿಂದೆ ನೀರಂಚಿನಲ್ಲಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಸೈಟಿನ ತಕರಾರು, ಅರ್ಧಕ್ಕೆ ನಿಂತ ಮನೆ, ಅಣ್ಣತಮ್ಮಂದಿರ ಪಾಲು, ಇವೆಲ್ಲ ಆ ಸ್ವಾಮಿಯ ಇಲಾಖೆ ಅಂತ ಬೆಂಗಳೂರಿಗೆ ಗೊತ್ತಾಗಿ, ಜನ ಇಟ್ಟಿಗೆ ಮಣ್ಣು ಹಿಡಿದು ಪೂಜೆಗೆ ಸಾಲು ನಿಂತರು. ಕೆಟ್ಟೋಯ್ತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಅಂಬಿಗರಹಳ್ಳಿ ತ್ರಿವೇಣಿ ಸಂಗಮವಾದರೂ ತನಗೆ ಉಳಿದೀತು ಅಂದುಕೊಂಡಿದ್ದರು. 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳವೇ ನಡೆಯಿತು. ಒಬ್ಬರೇ ಕೂತು ಕಡ್ಲೇಕಾಯಿ ಸಿಪ್ಪೆ ಬಿಡಿಸುತ್ತಿದ್ದ ದಡಕ್ಕೆ ಮಠಾಧೀಶರು, ಮಂತ್ರಿಗಳು, ಪೊಲೀಸ್ ಜೀಪುಗಳು ಬಂದ ಮೇಲೆ ಭಾವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವೆಂದು ಅಕ್ಕ ಹೇಳುತ್ತಾಳೆ.

ಜಾಗಗಳನ್ನು ಕೆಡಿಸುವವರು ಯಾರು? ಭಾವನ ಪ್ರಕಾರ ರೀಲ್ಸ್ ಮಾಡುವ ಹುಡುಗರು. ನನ್ನ ಅನುಮಾನ ಬೇರೆ. ಗುಟ್ಟಿನ ಜಾಗದ ಕಷ್ಟವೇನೆಂದರೆ, ಇನ್ನೊಬ್ಬರಿಗೆ ತೋರಿಸುವವರೆಗೆ ಅದು ನಮ್ಮದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಭಾವ ತೋರಿಸುತ್ತಾರೆ. ಬೀಗರಿಗೆ ತೋರಿಸುತ್ತಾರೆ, ಗೊಬ್ಬರ ಕಂಪನಿಯ ರೆಪ್ಪುಗಳಿಗೆ ತೋರಿಸುತ್ತಾರೆ, ಒಮ್ಮೆ ಸಾಲ ವಸೂಲಿಗೆ ಬಂದ ಬ್ಯಾಂಕಿನವರಿಗೂ ತೋರಿಸಿದರು. ಮೊನ್ನೆ ನನ್ನ ಮಗ ಫೋನಿನ ಮ್ಯಾಪಿನಲ್ಲಿ ಅವರ ಈಚಿನ ಜಾಗವನ್ನು ಹುಡುಕಿದ. ಫೋಟೊಗಳ ರಾಶಿ. ಎಲ್ಲಕ್ಕಿಂತ ಹಳೆಯ ಅಭಿಪ್ರಾಯ ಭಾವನ ಹೆಸರಿನಲ್ಲೇ ಇತ್ತು, ಐದು ನಕ್ಷತ್ರ ಸಮೇತ: "ತುಂಬಾ ಪ್ರಶಾಂತವಾದ ಸ್ಥಳ. ದಯವಿಟ್ಟು ಯಾರಿಗೂ ತಿಳಿಸಬೇಡಿ."

ಈಚಿನ ಜಾಗವೆಂದರೆ ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್.ನ ಹಿನ್ನೀರಿನ ಒಂದು ದಡ. ಭಾವ ಅದನ್ನು "ನಮ್ಮ ಬೀಚು" ಅನ್ನುತ್ತಾರೆ. ಮುಳುಗಡೆಯಾದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ದಡದಲ್ಲಿ ಮತ್ತೆ ಕಟ್ಟಿದ್ದಾರಲ್ಲ, ಅದಲ್ಲ. ಅಲ್ಲಿ ಭಾನುವಾರ ಕಾಲಿಡಲು ಜಾಗವಿಲ್ಲ. ಅದರಿಂದಾಚೆ, ಎಡಕ್ಕೆ ತಿರುಗಿ, ಹುಣಸೆಮರ ದಾಟಿ, ಒಂದು ಆಲೆಮನೆ ಹಿಂದಿನಿಂದ. ಮ್ಯಾಪು ಹಾಕಲು ಬಿಡುವುದಿಲ್ಲ.

ಸಮುದ್ರ ಇದ್ದಲ್ಲೇ ಇರುತ್ತದೆ, ಕೆ.ಆರ್.ಎಸ್. ಇರುವುದಿಲ್ಲ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮಂಡ್ಯದ ಮಗುವಿಗೂ ಮಗ್ಗಿಗಿಂತ ಮುಂಚೆ ಬರುವ ಸಂಖ್ಯೆ ಇದು. ಬೇಸಿಗೆಯಲ್ಲಿ ಮಟ್ಟ ಇಳಿದರೆ ನೀರು ದಡ ಬಿಟ್ಟು ದೂರ ದೂರ ಸರಿಯುತ್ತದೆ, ಬಿಟ್ಟ ನೆಲದಲ್ಲಿ ದನ ಮೇಯುತ್ತವೆ, ಹಳೇ ರಸ್ತೆ, ಹಳೇ ಕಲ್ಲು ತಲೆ ಎತ್ತುತ್ತವೆ. ಮಡಿಕೇರಿ ಕಡೆ ಮಳೆ ಹೊಡೆದರೆ ಅದೇ ನೆಲ ಹದಿನೈದು ದಿನದಲ್ಲಿ ಮಾಯ. ಭಾವ ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ ಮೊದಲು ನೋಡುವುದು ಇಂದಿನ ಮಟ್ಟ, ಒಳಹರಿವು, ಹೊರಹರಿವು. ಉಳಿದ ಮಂಡ್ಯದವರು ಗದ್ದೆಗಾಗಿ ನೋಡುತ್ತಾರೆ, ಇವರು ಬೀಚಿಗಾಗಿ.

ಇಷ್ಟು ನೋಡುವವರು ಆ ಸಲ ಯಾಕೆ ನೋಡಲಿಲ್ಲವೋ. 2025ರಲ್ಲಿ ಕಟ್ಟೆ ಜೂನ್‌ನಲ್ಲೇ ತುಂಬಿ, ತಿಂಗಳ ಕೊನೆಯ ದಿನ ಮುಖ್ಯಮಂತ್ರಿಗಳು ಬಂದು ಬಾಗಿನ ಕೊಟ್ಟಿದ್ದರು. ಭಾವ ತಮ್ಮ ಬೀಚು ಕಂಡಿದ್ದು ಏಪ್ರಿಲ್‌ನಲ್ಲಿ. ನಮ್ಮನ್ನು ಕರೆದೊಯ್ದಿದ್ದು ಶ್ರಾವಣದಲ್ಲಿ. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ತೊಡೆಯ ಮೇಲೆ ಮೇಲುಕೋಟೆ ಪುಳಿಯೋಗರೆಯ ಡಬ್ಬಿ, ಕಾಲಬಳಿ ಮೊಸರನ್ನದ ಡಬ್ಬಿ. ಹುಣಸೆಮರ ಬಂತು, ಆಲೆಮನೆ ಬಂತು, ಆಮೇಲೆ ರಸ್ತೆ ನಿಧಾನವಾಗಿ ಇಳಿಯುತ್ತ ಇಳಿಯುತ್ತ ನೇರ ನೀರೊಳಗೆ ಹೋಯಿತು.

ಭಾವ ಬ್ರೇಕು ಹಾಕಿ ಇಳಿದರು. ಪ್ಯಾಂಟು ಮಡಿಸಿದರು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ದಿಗಂತ ನೋಡಿದರು. ದೂರದಲ್ಲಿ ಜಾಲಿಮರವೊಂದರ ನೆತ್ತಿ ನೀರಿನ ಮೇಲಿತ್ತು; ಅದರ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು.

"ಆ ಮರದ ಬುಡದಲ್ಲೇ ಕೂತ್ಕಂಡು ನಾಟಿ ಕೋಳಿ ತಿಂದಿದ್ವಿ" ಅಂದರು, ಜಾಗ ಇದೆ ಅನ್ನುವುದಕ್ಕೆ ಪುರಾವೆ ಕೊಡುವ ದನಿಯಲ್ಲಿ.

"ಈಗ ಮೀನು ತಿಂತಿರ್ತವೆ" ಅಂದಳು ಅಕ್ಕ.

ಸೋಲು ಒಪ್ಪಿಕೊಳ್ಳುವುದು ಈ ಜಾತಿಯವರ ಜಾಯಮಾನದಲ್ಲಿಲ್ಲ. ಎಡಗಡೆ ಇನ್ನೊಂದು ದಡವಿದೆ, ಅಲ್ಲಿ ಮರಳು ಹಾಸಿದೆ ಎಂದು ಕಾರನ್ನು ಬಯಲಿಗೆ ಇಳಿಸಿದರು. ಮರಳಲ್ಲ, ಗೋಡು. ಮೇಲೆ ಒಣಗಿ ಬಿರುಕು ಬಿಟ್ಟ ಹಪ್ಪಳೆ, ಕೆಳಗೆ ಗೇಣುದ್ದದ ಕೆಸರು. ಮುಂದಿನ ಎರಡು ಚಕ್ರ ಅದರೊಳಗೆ ಕೂತವು. ಭಾವ ಆಕ್ಸಿಲರೇಟರ್ ಒತ್ತಿದಷ್ಟೂ ಕೆಸರು ಹಿಂದಕ್ಕೆ ಚಿಮ್ಮಿ, ತಳ್ಳುತ್ತಿದ್ದ ನನ್ನ ಬಿಳಿ ಅಂಗಿಯ ಮೇಲೆ ಕಾವೇರಿ ಕಣಿವೆಯ ನಕ್ಷೆ ಬರೆಯಿತು.

ಆಗ ಬೇಲಿಯಾಚೆಯಿಂದ ಟ್ರಾಕ್ಟರ್ ಸ್ಟಾರ್ಟ್ ಆದ ಸದ್ದು ಕೇಳಿತು. ನಾವು ಕೂಗಿಯೂ ಇರಲಿಲ್ಲ. ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ ರೈತ ಮೊದಲು ಕಾರಿನ ಕೊಕ್ಕೆ ಎಲ್ಲಿದೆ ಅಂತ ಬಗ್ಗಿ ನೋಡಿದ, ಆಮೇಲೆ ಎದ್ದು ಮುಖ ನೋಡಿದ.

"ಏನಣ್ಣ, ಈ ವಾರಾನೂ ಬಂದ್ಬುಟ್ರಾ?"

ಭಾವ ಕೇಳಿಸದವರಂತೆ ಬಾನೆಟ್ ಒರೆಸಿದರು.

ಕಾರು ಈಚೆ ಬಂತು. ಐನೂರು ರೂಪಾಯಿ. ಕಡಿಮೆ ಮಾಡಿಕೋ ಅಂದಿದ್ದಕ್ಕೆ ಅವನು ನಕ್ಕ. "ಬಾನ್ವಾರ ಆದ್ರೆ ಗದ್ದೆಗೋಗಲ್ಲ ಸಾ, ಟ್ರಾಕ್ಟ್ರು ಇಲ್ಲೇ ನಿಲ್ಸಿರ್ತೀನಿ. ಉಳೋದ್ಕಿಂತ ಇದೇ ವಾಸಿ. ಬೆಳಿಗ್ಗಿಂದ ನಿಮ್ದು ನಾಲ್ಕ್ನೇದು." ಕೈ ತೋರಿಸಿದ ಕಡೆ ನೋಡಿದರೆ, ಲಂಟಾನ ಪೊದೆಯ ಮರೆಯಲ್ಲಿ ಬೆಂಗಳೂರಿನ ನಂಬರಿನ ಕಾರುಗಳು ನಿಂತಿದ್ದವು, ಒಬ್ಬಾಕೆ ಸ್ಟೌ ಹಚ್ಚಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಭಾವ ಎರಡು ಪ್ಲೇಟು ಬಜ್ಜಿ ತಿಂದು, ಕೈ ಒರೆಸಿಕೊಂಡು, ತೀರ್ಪು ಕೊಟ್ಟರು: "ಕೆಟ್ಟೋಯ್ತು."

ಅಕ್ಕನ ವಿಷಯ ಹೇಳಬೇಕು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ನೋಡುವ ಕಟ್ಟೆಯ ಕೆಳಗಿನ ಬೃಂದಾವನದ ಕಾರಂಜಿಯನ್ನು, ಅದಕ್ಕೆ ಇಷ್ಟು ಹತ್ತಿರ ಸಂಸಾರ ಮಾಡಿಕೊಂಡಿರುವ ಅಕ್ಕ ಮದುವೆಯಾದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಕೇಳಿದಾಗಲೆಲ್ಲ ಭಾವ, "ಅದು ಊರೋರು ನೋಡದಲ್ಲ ಕಣೆ, ಬಂದೋರು ನೋಡದು" ಅಂದು ತಳ್ಳುತ್ತ ಬಂದಿದ್ದರು. ಹೇಮಗಿರಿ, ಕಲ್ಲಹಳ್ಳಿ, ಅಂಬಿಗರಹಳ್ಳಿ ಎಲ್ಲಕ್ಕೂ ಡಬ್ಬಿ ಹೊತ್ತು ಹೋಗಿದ್ದಾಳೆ. ಬಣ್ಣದ ನೀರು ಹಾಡಿಗೆ ಕುಣಿಯುವುದನ್ನು ನೋಡಿದ್ದು ಟಿವಿಯಲ್ಲಿ.

ವಾಪಸು ಬರುವಾಗ ತಿರುವಿನಲ್ಲಿ ಹಾಸನದ ಕಡೆಯ ಸಂಸಾರವೊಂದು ವ್ಯಾನ್ ನಿಲ್ಲಿಸಿ ಬೃಂದಾವನಕ್ಕೆ ದಾರಿ ಕೇಳಿತು. ಭಾವ ಗಾಜು ಇಳಿಸಿದರು. ದನಿ ತಗ್ಗಿಸಿದರು. "ಬೃಂದಾವನ ಎಲ್ರೂ ನೋಡ್ತಾರೆ ಸಾ..." ಅನ್ನುವಷ್ಟರಲ್ಲಿ ಅಕ್ಕ ಹಿಂದಿನ ಕಿಟಕಿಯಿಂದ ತಲೆ ಹಾಕಿ, "ನೇರ ಹೋಗಿ. ನಾವೂ ಅಲ್ಲಿಗೇ ಬರ್ತಿದ್ದೀವಿ" ಅಂದಳು. ಭಾವ ಕನ್ನಡಿಯಲ್ಲಿ ಅವಳ ಮುಖ ನೋಡಿದರು. ಮಾತಾಡದೆ ಇಂಡಿಕೇಟರ್ ಹಾಕಿದರು.

ಟಿಕೆಟ್ಟಿನ ಸಾಲು ಉದ್ದವಿತ್ತು. ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಭಾವ ಜನಸಾಮಾನ್ಯರ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ತಡೆಯಲಾಗಲಿಲ್ಲ. ಮುಂದಿದ್ದ ಹಾಸನದವರ ಭುಜ ತಟ್ಟಿ, "ಒಳಗೋದ್ ಮ್ಯಾಲೆ ಎಲ್ರೂ ಮುಂದ್ಗಡೆ ನಿಂತ್ಕತಾರೆ, ನೀವ್ ನಿಂತ್ಕಬೇಡಿ. ಗಾಳಿ ಬಂದ್ರೆ ಪೂರಾ ಎರಚಲು. ಎಡಗಡೆ ಮ್ಯಾಲಿನ್ ಮೆಟ್ಲಲ್ಲಿ ಕೂರಿ. ಆ ಕೆಂಪ್ ಬಣ್ಣದ್ದು ಎದ್ದಾಗ ಅಲ್ಲಿಂದ ನೋಡ್ಬೇಕು..." ಅಂದರು.

"ನೀವು ಯಾವಾಗ ನೋಡಿದ್ರಿ?" ಅಂದಳು ಅಕ್ಕ.

ಸಾಲು ಮುಂದೆ ಹೋಯಿತು. ಭಾವ ಹೋಗಲಿಲ್ಲ.