ಪೀಣ್ಯದ ಪರಿಚಯಪ್ಪನವರು

ಅವರ ಅಸಲಿ ಹೆಸರು ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿದೆ. ಅದನ್ನು ಕಾನೂನಿನ ಪ್ರಕಾರವೇ ಫ್ರೇಮು ಹಾಕಿಸಿ, ಶೆಡ್ಡಿನ ಗೋಡೆಯ ಮೇಲೆ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದ್ದಾರೆ. ಆದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಿಂತು ಆ ಹೆಸರು ಹೇಳಿ ನೋಡಿ, ಆಟೋದವನೂ ತಲೆ ಅಲ್ಲಾಡಿಸುತ್ತಾನೆ. ಪರಿಚಯಪ್ಪ ಅನ್ನಿ. "ಓ, ಅವ್ರಾ? ಈಗ ತಾನೇ ಪ್ಲೇಟಿಂಗ್ ಶೆಡ್ಡಿನ ಹತ್ರ ಇದ್ರು" ಎನ್ನುತ್ತಾನೆ. ಪ್ಲೇಟಿಂಗ್ ಶೆಡ್ಡಿಗೆ ಹೋದರೆ, ಈಗ ತಾನೇ ಟೀ ಅಂಗಡಿಗೆ ಹೋದರು ಎನ್ನುತ್ತಾರೆ. ಟೀ ಅಂಗಡಿಯವನು ಜಾಲಹಳ್ಳಿ ಕ್ರಾಸ್ ಕಡೆ ಕೈ ತೋರಿಸುತ್ತಾನೆ. ಅವರು ತಮ್ಮ ಸ್ವಂತ ಶೆಡ್ಡಿನಲ್ಲಿ ಸಿಕ್ಕಿದ್ದನ್ನು ಕಂಡವರು ಕಮ್ಮಿ.

ಇಂಥವರು ಪೀಣ್ಯಕ್ಕೆ ಮಾತ್ರ ಮೀಸಲಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ನಾಲ್ಕು ಲೇತು ತಿರುಗುವ ಜಾಗ ಯಾವುದೇ ಇರಲಿ, ಅಲ್ಲೊಬ್ಬರು ಇದ್ದೇ ಇರುತ್ತಾರೆ. ಎದುರಿನವರು ಕಷ್ಟ ಹೇಳಿ ಮುಗಿಸುವುದರೊಳಗೆ ಅವರ ಬಾಯಿಂದ ಒಂದೇ ಮಾತು: "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೋತೀರಾ ಸಾರ್, ನಮ್ಮೋರೊಬ್ರಿದಾರೆ." ಈ ನಮ್ಮೋರಿಗೆ ಜಾತಿಯಿಲ್ಲ, ಊರಿಲ್ಲ. ಕೆಲವು ಸಲ ತಾನು ಪರಿಚಯಪ್ಪನವರ ನಮ್ಮೋರು ಎಂಬ ಸಂಗತಿ ಆ ಮನುಷ್ಯನಿಗೇ ಗೊತ್ತಿರುವುದಿಲ್ಲ. ಹತ್ತು ವರ್ಷದ ಕೆಳಗೆ ಬಸ್ಸಿನಲ್ಲಿ ಪಕ್ಕ ಕೂತಿದ್ದೇ ಸಾಕು.

ಶೆಡ್ಡಿನಲ್ಲಿ ಮೂರು ಮಷೀನು. ಹರಿಹರದಲ್ಲಿ ತಯಾರಾದ ಹಳೇ ಮೈಸೂರು ಕಿರ್ಲೋಸ್ಕರ್ ಲೇತು, ಎಚ್‌ಎಂಟಿ ಬಿಟ್ಟು ಬಂದವರೊಬ್ಬರಿಂದ ಕೊಂಡ ಮಿಲ್ಲಿಂಗು, ಮತ್ತೆ ಬ್ಯಾಂಕಿನ ಪಾಲಿನ ಒಂದು ಸಿಎನ್‌ಸಿ. ಬಿಲ್ಲು, ಡೆಲಿವರಿ ಚಲನ್, ಹುಡುಗರ ಬಟವಾಡೆ ಎಲ್ಲ ಅವರ ಶ್ರೀಮತಿಯವರದು. "ನಮ್ಮೆಜಮಾನ್ರು ಇಡೀ ಪೀಣ್ಯಕ್ಕೆ ಸೇಲ್ಸ್ ಮ್ಯಾನೇಜರು, ನಮ್ಮ ಶೆಡ್ಡೊಂದು ಬಿಟ್ಟು" ಎಂದು ಆಕೆ ಹೇಳುವಾಗ ಅದು ಹೆಮ್ಮೆಯೋ ದೂರೋ ಎಂದು ತಿಳಿಯುವುದು ಕಷ್ಟ.

ನೋಡಬೇಕಾದದ್ದು ಅವರ ಅಂಗಿಯ ಜೇಬು. ಎದೆಯ ಎಡಭಾಗ ಯಾವಾಗಲೂ ಜೋತುಬಿದ್ದಿರುತ್ತದೆ. ಅದರಲ್ಲಿ ವಿಸಿಟಿಂಗ್ ಕಾರ್ಡಿಲ್ಲ, ಪೆನ್ನೂ ಇಲ್ಲ. ತುಂಡಾದ ಬೋಲ್ಟು, ಸೀಳಿದ ಓ-ರಿಂಗು, ಥ್ರೆಡ್ಡು ಹಾರಿದ ನಟ್ಟು, ಯಾರದೋ ಲಾಟಿನಲ್ಲಿ ರಿಜೆಕ್ಟಾದ ಬುಷ್ಷು. ಇಸ್ತ್ರಿಯವನು ಎರಡು ಸಲ ಜಗಳ ಮಾಡಿದ್ದಾನೆ. ವಾಷಿಂಗ್ ಮಷೀನಿನ ರಿಪೇರಿಗೆ ಬಂದ ಹುಡುಗ ಡ್ರಮ್ಮಿನ ತಳದಿಂದ ಸರ್‌ಕ್ಲಿಪ್ಪು ತೆಗೆದು ಕೊಟ್ಟಾಗ ಇವರು ಬೇಜಾರು ಪಡಲಿಲ್ಲ, "ಇದನ್ನ ಶುಕ್ರವಾರದಿಂದ ಹುಡುಕ್ತಿದ್ದೆ ಕಣಯ್ಯಾ" ಎಂದು ಖುಷಿಪಟ್ಟರು. ಆಮೇಲೆ ಆ ಹುಡುಗನ ನಂಬರನ್ನೂ ಬರೆದುಕೊಂಡರು.

ಫೋನಿನಲ್ಲಿ ಯಾರ ಹೆಸರೂ ಹೆಸರಾಗಿ ಇಲ್ಲ. 'ಪ್ಲೇಟಿಂಗ್ ದೊಡ್ಡೋರು', 'ಪ್ಲೇಟಿಂಗ್ ಜಗಳಗಂಟ', 'ವೈರ್ ಕಟ್ ಊಟದ ಮೇಲೆ', 'ಹೀಟ್ ಟ್ರೀಟ್‌ಮೆಂಟ್ ರಿಟೈರ್ಡ್', 'ರಬ್ಬರ್ ತುಮಕೂರು ಬಸ್'. ಅವರ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದಾರೆ. ಬೆಳಗ್ಗೆ ಆರಕ್ಕೆ ಗುಲಾಬಿ ಹೂವು, ಏಳಕ್ಕೆ ಮಂತ್ರಾಲಯದ ದರ್ಶನ, ಒಂಬತ್ತಕ್ಕೆ "ಇಎನ್8, 40 ಡಯಾ, ಒಂದು ಅಡಿ ತುಂಡು ಯಾರ ಹತ್ರ ಇದೆ? ಅರ್ಜೆಂಟ್". ಹತ್ತು ನಿಮಿಷದೊಳಗೆ ಮೂರು ಶೆಡ್ಡುಗಳು ತಮ್ಮ ಮೂಲೆಯಲ್ಲಿ ಬಿದ್ದಿರುವ ತುಂಡಿನ ಫೋಟೋ ಹಾಕುತ್ತವೆ. ಒಂದು ಅಡಿ ಕಬ್ಬಿಣಕ್ಕೆ ಪೂರ್ತಿ ಸರಳು ಕೊಳ್ಳಬೇಕಾಗಿದ್ದ ಬಡಪಾಯಿ ಬದುಕಿಕೊಳ್ಳುತ್ತಾನೆ. ಆ ಗುಲಾಬಿಗಳನ್ನು ನಾನು ಸಹಿಸಿಕೊಂಡಿರುವುದು ಈ ಒಂಬತ್ತು ಗಂಟೆಗೋಸ್ಕರ.

ಇವರಿಗೂ ಇನ್ನೊಂದು ಜಾತಿಯವರಿಗೂ ವ್ಯತ್ಯಾಸವಿದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಬೆಳಗ್ಗೆ ಏಳಕ್ಕೆ ಹೋಟೆಲಿನ ಹವಾನಿಯಂತ್ರಿತ ಹಾಲಿನಲ್ಲಿ ಕೋಟು ಹಾಕಿಕೊಂಡು ಸೇರಿ, ಒಬ್ಬೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ವ್ಯಾಪಾರದ ಬಗ್ಗೆ ಭಾಷಣ ಬಿಗಿದು, ಕಾರ್ಡು ಹಂಚಿ, ಇಡ್ಲಿ ತಿಂದು ಹೋಗುವವರು. ಅವರನ್ನು ಆಡಿಕೊಳ್ಳುವುದು ನನ್ನ ಕೆಲಸವಲ್ಲ, ಅಲ್ಲಿಯೂ ವ್ಯಾಪಾರ ಕುದುರುತ್ತದಂತೆ. ಒಬ್ಬರು ಬಲವಂತ ಮಾಡಿ ಪರಿಚಯಪ್ಪನವರನ್ನೂ ಕರೆದುಕೊಂಡು ಹೋಗಿದ್ದರು. ತಮ್ಮ ಸರದಿ ಬಂದಾಗ ಇವರು ಎದ್ದು ನಿಂತು ಜೇಬಿನಿಂದ ಒಂದು ಮುರಿದ ಸ್ಪ್ರಿಂಗು ತೆಗೆದು ಮೇಲೆತ್ತಿ, "ಇದು ಯಾಕೆ ಮುರೀತು ಅಂತ ಯಾರಿಗಾದ್ರೂ ಗೊತ್ತಾ?" ಎಂದರು. ಹಾಲಿನಲ್ಲಿ ವಿಮೆಯವರು, ಇಂಟೀರಿಯರ್ ಡೆಕೊರೇಟರು, ಇಬ್ಬರು ಟ್ರಾವೆಲ್ಸಿನವರು. ಯಾರಿಗೂ ಗೊತ್ತಿರಲಿಲ್ಲ. ಇವರು ಸಂಪಾದಿಸಿದ ಕಾರ್ಡುಗಳ ಹಿಂಭಾಗ ಬಿಳಿಯಾಗಿ ನುಣುಪಾಗಿತ್ತು. ತಿಂಗಳುಗಟ್ಟಲೆ ಅದರ ಮೇಲೆ ಜಿಗ್ಗು ಫಿಕ್ಸ್ಚರುಗಳ ಸ್ಕೆಚ್ಚು ಬರೆದುಕೊಂಡರು.

ಆ ಸ್ಪ್ರಿಂಗಿನ ಕಥೆ ಹೇಳಲೇಬೇಕು. ನನ್ನ ಶೆಡ್ಡಿನ ಹಿಂದಿನ ರಸ್ತೆಯಲ್ಲಿ ಒಂದು ಸ್ಪ್ರಿಂಗ್ ಶೆಡ್ಡು. ಸುತ್ತುತ್ತಾರೆ, ಝಿಂಕ್ ಪ್ಲೇಟಿಂಗಿಗೆ ಕಳಿಸುತ್ತಾರೆ, ಗಿರಾಕಿಗೆ ಒಯ್ಯುತ್ತಾರೆ. ಇಲ್ಲಿ ನೂರಕ್ಕೆ ನೂರು ಪಾಸು. ಅಲ್ಲಿ ಫಿಟ್ ಮಾಡಿ ಒಂದು ರಾತ್ರಿ ಬಿಟ್ಟರೆ, ಬೆಳಗ್ಗೆ ಟಣ್ ಎಂದು ತುಂಡು. ಇಡೀ ಲಾಟು ವಾಪಸ್ಸು. ಸ್ಪ್ರಿಂಗಿನವರು ಪ್ಲೇಟಿಂಗಿನವರನ್ನು ಬೈದರು, ಪ್ಲೇಟಿಂಗಿನವರು ತಂತಿಯನ್ನು ಬೈದರು, ತಂತಿಯ ವ್ಯಾಪಾರಿ ಸ್ಪ್ರಿಂಗು ಸುತ್ತುವವನ ಕೈಯನ್ನು ಬೈದ. ಮೂವರೂ ಮಾತು ಬಿಟ್ಟರು. ಒಬ್ಬರ ದುಡ್ಡು ಇನ್ನೊಬ್ಬರ ಹತ್ತಿರ ಸಿಕ್ಕಿಕೊಂಡಿತು.

ಪರಿಚಯಪ್ಪನವರು ಸಂಜೆ ನಾಲ್ಕಕ್ಕೆ ಮೂವರನ್ನೂ, ಉಳಿದಿಬ್ಬರು ಬರುತ್ತಾರೆಂದು ಒಬ್ಬರಿಗೂ ಹೇಳದೆ, ಒಂದೇ ಟೀ ಅಂಗಡಿಗೆ ಕರೆದರು. ಜೊತೆಗೆ ಆ 'ಹೀಟ್ ಟ್ರೀಟ್‌ಮೆಂಟ್ ರಿಟೈರ್ಡ್' ಅವರನ್ನೂ. ಮೊದಲ ಹತ್ತು ನಿಮಿಷ ಮೂವರೂ ಮೂರು ದಿಕ್ಕು ನೋಡುತ್ತ ಟೀ ಕುಡಿದರು. ಹಿರಿಯರು ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಪ್ಲೇಟಿಂಗ್ ಆದ್ಮೇಲೆ ಬೇಕಿಂಗ್ ಮಾಡ್ತೀರಾ?" ಎಂದು ಕೇಳಿದರು. ಬೇಕಿಂಗ್ ಎಂದದ್ದೇ ತಡ, ಟೀ ಅಂಗಡಿಯವನು ಬನ್ನಿನ ಡಬ್ಬಿ ಮುಂದಿಟ್ಟ.

ಸಂಗತಿ ಇಷ್ಟು. ಗಡಸು ಉಕ್ಕನ್ನು ಆಸಿಡ್ಡಿನಲ್ಲಿ ತೊಳೆದು ಪ್ಲೇಟಿಂಗ್ ತೊಟ್ಟಿಗೆ ಇಳಿಸಿದಾಗ ಹೈಡ್ರೋಜನ್ ಒಳಗೆ ನುಗ್ಗುತ್ತದೆ. ಮೇಲೆ ಥಳಥಳ, ಒಳಗೆ ಉಕ್ಕು ಪೆಡಸು. ಬಿಗಿಯಾಗಿ ಕೂರಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸೀಳುತ್ತದೆ. ಪರಿಹಾರವೂ ಹಳೆಯದೇ. ತೊಟ್ಟಿಯಿಂದ ತೆಗೆದ ನಾಲ್ಕು ಗಂಟೆಯೊಳಗೆ ಒಲೆಗೆ ಹಾಕಿ, ಸುಮಾರು 200 ಡಿಗ್ರಿಯಲ್ಲಿ, ತಂತಿಯ ಗಡಸುತನ ನೋಡಿಕೊಂಡು ಎಂಟು ಗಂಟೆಯೋ ಇನ್ನೂ ಹೆಚ್ಚೋ ಕಾಯಿಸಬೇಕು. ದೊಡ್ಡ ಕಾರ್ಖಾನೆಯ ಡ್ರಾಯಿಂಗಿನಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಸ್ಪ್ರಿಂಗಿನವರ ಕೈಗೆ ಬಂದಿದ್ದ ಜೆರಾಕ್ಸಿನಲ್ಲಿ ಆ ಸಾಲಿನ ಮೇಲೆಯೇ ಸ್ಟೇಪ್ಲರ್ ಪಿನ್ನು ಕೂತಿತ್ತು.

"ಸರಿ, ಒಲೆ ಎಲ್ಲಿ ತರೋದು?" ಪ್ಲೇಟಿಂಗಿನವರು ಮೊದಲ ಬಾರಿ ಬಾಯಿಬಿಟ್ಟರು. ಹೊಸ ಓವನ್ನು ಎಂದರೆ ಲಕ್ಷಗಳ ಮಾತು. ಪರಿಚಯಪ್ಪನವರು ರಸ್ತೆಯಾಚೆ ಕೈ ತೋರಿಸಿದರು. ಅಲ್ಲಿ ಪೌಡರ್ ಕೋಟಿಂಗ್ ಶೆಡ್ಡು. ಗ್ರಿಲ್ಲು, ಬೀರುಗಳ ಬಣ್ಣ ಕಾಯಿಸುವ ಓವನ್ನು, ಅದರ ಶಾಖವೂ 180ರಿಂದ 200 ಡಿಗ್ರಿ. ಸಂಜೆ ಆರಕ್ಕೆ ಆರಿಸಿ ಬೀಗ ಹಾಕಿದರೆ ಮತ್ತೆ ಬೆಳಗ್ಗೆಯೇ ಹಚ್ಚುವುದು. "ರಾತ್ರಿಯೆಲ್ಲ ಸುಮ್ನೆ ಬಿದ್ದಿರುತ್ತೆ ಸಾರ್. ನಮ್ಮೋರೇ."

ಈಗ ಸಂಜೆ ಐದಕ್ಕೆ ಒಂದು ಗೂಡ್ಸ್ ಆಟೋ ಪ್ಲೇಟಿಂಗ್ ಶೆಡ್ಡಿನಿಂದ ಹೊರಟು ರಸ್ತೆ ದಾಟುತ್ತದೆ. ಬಾಡಿಗೆಯನ್ನು ಮೂವರೂ ಹಂಚಿಕೊಳ್ಳುತ್ತಾರೆ. ಪ್ಲೇಟಿಂಗಿನವರ ಬೋರ್ಡಿನ ಮೇಲೆ 'ಬೇಕಿಂಗ್ ಸೌಲಭ್ಯವಿದೆ' ಎಂದು ಕೆಂಪಕ್ಷರ ಬಂತು, ಸುತ್ತಮುತ್ತ ಇನ್ಯಾರ ಬೋರ್ಡಿನಲ್ಲೂ ಇಲ್ಲದ್ದು. ಅದನ್ನು ಓದಿಕೊಂಡು ಹೊಸೂರಿನಿಂದ ಗಿರಾಕಿ ಬಂದರು. ಪೌಡರ್ ಕೋಟಿಂಗಿನವರ ಓವನ್ನು ರಾತ್ರಿ ಪಾಳಿ ದುಡಿದು ಕಂತು ಕಟ್ಟುತ್ತಿದೆ. ಪರಿಚಯಪ್ಪನವರಿಗೆ ಏನು ಸಿಕ್ಕಿತು? ಐದು ಟೀ, ನಾಲ್ಕು ಬನ್ನಿನ ಬಿಲ್ಲು.

ಇದರಲ್ಲಿ ಹೊಸ ವಿಜ್ಞಾನವೇನೂ ಇಲ್ಲ. ಗೊತ್ತಿದ್ದವರು ಒಂದು ಕಡೆ, ಒಲೆ ಇದ್ದವರು ಇನ್ನೊಂದು ಕಡೆ, ಸ್ಪ್ರಿಂಗು ಮುರಿದವರು ಮತ್ತೊಂದು ಕಡೆ ಇದ್ದರು, ನಡುವೆ ಇದ್ದದ್ದು ನೂರಿನ್ನೂರು ಗಜ ಮತ್ತು ಒಂದು ಜಗಳ. ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದು, ಗಾಳಿಯಲ್ಲೇ ಹರಡುತ್ತದೆ ಎಂಬರ್ಥದ ಮಾತನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದಾರೆ. ಪೀಣ್ಯದ ಗಾಳಿಯಲ್ಲಿ ಗ್ರೈಂಡಿಂಗ್ ಧೂಳು, ಕೂಲೆಂಟಿನ ವಾಸನೆ ಎರಡೂ ಇರುವುದರಿಂದ ಬೇರೆಯದಕ್ಕೆ ಜಾಗ ಕಮ್ಮಿ. ಆದ್ದರಿಂದ ಗುಟ್ಟನ್ನು ಹೊತ್ತು ತಿರುಗಲು ಒಬ್ಬ ಮನುಷ್ಯನೇ ಬೇಕಾಗುತ್ತದೆ.

ಗುಟ್ಟು ಎಂದೆನಲ್ಲ, ಪರಿಚಯಪ್ಪನವರ ದೊಡ್ಡ ದೋಷವೂ ಅದೇ. ಅವರ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಇನ್ಸರ್ಟು ಬದಲಾಯಿಸಿ ಸೈಕಲ್ ಟೈಮು ಹೇಗೆ ಇಳಿಸಿದೆ ಎಂದು ನೀವು ಸಂಭ್ರಮದಿಂದ ಹೇಳಿದರೆ, ಸಂಜೆಗೆ ಅದು ನಿಮ್ಮ ಪ್ರತಿಸ್ಪರ್ಧಿಯ ಕಿವಿಯಲ್ಲಿರುತ್ತದೆ. ನಾನು ಅವರ ಮುಂದೆ ಕೊಟೇಶನ್ನಿನ ಮೊತ್ತ ಬಾಯಿ ಬಿಡುವುದಿಲ್ಲ. ಬಿಡದಿದ್ದರೂ ಅವರಿಗೆ ಅಂದಾಜಿರುತ್ತದೆ, ಅದು ಬೇರೆ ಮಾತು.

ಎರಡನೆಯ ದೋಷ, ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯಿಲ್ಲ. ಲಗ್ಗೆರೆಯಲ್ಲಿ ಸಾಂಬಾರ್ ಪುಡಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳು "ಅಣ್ಣಾ, ಗ್ರೈಂಡಿಂಗ್ ಮಾಡಿಕೊಡೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಇವರು ಹಿಂದೆ ಮುಂದೆ ನೋಡದೆ ಸಿಲಿಂಡ್ರಿಕಲ್ ಗ್ರೈಂಡಿಂಗಿನವರ ವಿಳಾಸ ಕೊಟ್ಟರು. ಆಕೆ ಹತ್ತು ಕೇಜಿ ಹುರಿದ ಧನಿಯಾ ಹೊತ್ತು ಅಲ್ಲಿಗೆ ಹೋದರು. ಹತ್ತು ಮೈಕ್ರಾನಿನ ಲೆಕ್ಕದಲ್ಲಿ ಬದುಕುವ ಆ ಮನುಷ್ಯ ಧನಿಯಾ ಚೀಲದೊಳಗೆ ಇಣುಕಿ, "ಡ್ರಾಯಿಂಗ್ ಎಲ್ಲಮ್ಮಾ?" ಎಂದರಂತೆ. ನಗು ಮುಗಿದ ಮೇಲೆ ಮಾತು ಬೆಳೆಯಿತು. ಆಕೆಯ ಮನೆಯ ಪುಡಿ ಮಷೀನಿನಲ್ಲಿ ಬೇರಿಂಗಿನ ಕಪ್ಪು ಗ್ರೀಸು ಪುಡಿಗೆ ಇಳಿಯುತ್ತಿತ್ತು. ಗ್ರೈಂಡಿಂಗಿನವರು ಸವೆದ ಶಾಫ್ಟನ್ನು ರಿಪೇರಿ ಮಾಡಿ ಸೀಲಿನ ಜಾಗವನ್ನೇ ಬದಲಾಯಿಸಿ ಕೊಟ್ಟರು. ಪರಿಚಯಪ್ಪನವರು ಈ ಪ್ರಸಂಗವನ್ನು ಈಗ ಮೊದಲಿಂದಲೂ ತಮ್ಮ ಪ್ಲಾನೇ ಅದಾಗಿತ್ತು ಎಂಬಂತೆ ಹೇಳುತ್ತಾರೆ.

ಆಯುಧ ಪೂಜೆಯ ದಿನ ಅವರನ್ನು ಹಿಡಿಯಲಾಗುವುದಿಲ್ಲ. ಗೇಟುಗೇಟಿಗೂ ಬಾಳೆಕಂದು, ರಸ್ತೆಯ ತುಂಬ ಒಡೆದ ಬೂದುಗುಂಬಳ, ಅದರ ನಡುವೆ ಕುಂಕುಮ ಹಚ್ಚಿದ ಸ್ಕೂಟರಿನಲ್ಲಿ ಇವರು. ಎಲ್ಲ ಶೆಡ್ಡಿಗೂ ಹೋಗಿ ಕಡ್ಲೆಪುರಿ, ಸಿಹಿ ಪೊಟ್ಟಣ ಈಸಿಕೊಳ್ಳುತ್ತಾರೆ. ವರ್ಷವಿಡೀ ಹೊರಗಿನವರಿಗೆ ಬಾಗಿಲು ತೆರೆಯದ ಶೆಡ್ಡು ಕೂಡ ಅಂದು ಮಷೀನು ತೊಳೆದು, ಹೂವು ಹಾಕಿ, ದೀಪ ಹಚ್ಚಿ ತೆರೆದಿಟ್ಟಿರುತ್ತದೆ. ಇವರು ದೇವರಿಗೊಂದು ನಮಸ್ಕಾರ ಹಾಕಿ ಮಷೀನಿಗೆ ನೂರೊಂದು ಪ್ರಶ್ನೆ ಹಾಕುತ್ತಾರೆ. ಯಾರು ಹೊಸದು ತಂದರು, ಯಾವುದು ಕೆಲಸವಿಲ್ಲದೆ ನಿಂತಿದೆ, ಎಲ್ಲ ಅಂದೇ ತಲೆಗೆ ಸೇರುತ್ತದೆ. ಸಂಜೆ ಪುರಿಯ ಮೂಟೆ ನೋಡಿ ಶ್ರೀಮತಿಯವರು ಒಗ್ಗರಣೆಗೆ ದೊಡ್ಡ ಬಾಣಲೆಯನ್ನೇ ಇಡುತ್ತಾರೆ.

ಆದರೂ ದಿನಾ ನೋಡುವ ಮುಖಗಳಿಂದ ಹೊಸ ಸುದ್ದಿ ಬರುವುದು ಕಮ್ಮಿಯೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಬಂಧದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಪರಿಚಯಸ್ಥರ ಮೂಲಕ ಕೆಲಸ ಹಿಡಿದವರಲ್ಲಿ, ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವಂಥ ಆಪ್ತರಿಂದ ಸುದ್ದಿ ತಿಳಿದವರು ನೂರಕ್ಕೆ 17ರಷ್ಟು ಮಾತ್ರ. ಮಿಕ್ಕವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಕಾಣುವವರಿಂದಲೇ ಕೆಲಸ. ನಮ್ಮ ಕಡೆ ಇಂಥವರು ಸಿಗುವ ಜಾಗ ಮದುವೆಯ ಪಂಕ್ತಿ. ಶಿರಸಿಯ ಒಂದು ಮದುವೆಯಲ್ಲಿ ಪರಿಚಯಪ್ಪನವರ ಪಕ್ಕದ ಎಲೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವವರು ಕೂತಿದ್ದರು. ಸುಲಿದ ಚಾಲಿ ಅಡಿಕೆಗೆ ಬ್ಲೇಡಿನ ಗಾಯವಾಗಿ ಮಂಡಿಯಲ್ಲಿ ರೇಟು ಬೀಳುತ್ತದೆ ಎಂಬ ಸಂಕಟ ಅವರದು. ಇವರು ಜಿಲೇಬಿ ಹಿಡಿದ ಕೈಯಲ್ಲೇ ಫೋನು ಹಚ್ಚಿ, ಕನ್ವೇಯರ್ ರೋಲರುಗಳಿಗೆ ಪಾಲಿಯುರೆಥೇನ್ ಹೊದಿಕೆ ಹಾಕುವ ಪೀಣ್ಯದ ಶೆಡ್ಡನ್ನು ಎಲೆಯ ಮುಂದೆಯೇ ಮಾತಾಡಿಸಿಬಿಟ್ಟರು. ಅಡಿಕೆಯ ಮುಖ ನೋಡದಿದ್ದ ಆ ಶೆಡ್ಡು ಈಗ ಸುಗ್ಗಿಗೆ ಮುಂಚೆ ಬೇರೆ ಯಾರ ಆರ್ಡರೂ ಒಪ್ಪಿಕೊಳ್ಳುವುದಿಲ್ಲ.

ದುಡ್ಡಿನ ವಿಷಯದಲ್ಲಿ ಅವರ ಉಪಕಾರ ಬೇರೆಯದೇ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣವರ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಗಡುವು ಮೀರಿದ ಬಾಕಿಯನ್ನು, ಕೊಡುವವರೆಗೂ, ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್‌ನಿಂದ ಬಂದಿದೆ. ಕಾಯ್ದೆ ಕಾಯ್ದೆಯ ಪಾಡಿಗೆ ಇದೆ. ಯಾರು ನಿಜಕ್ಕೂ ಕೊಡುತ್ತಾರೆ, ಯಾರು 'ಅಕೌಂಟ್ಸಿನವರು ರಜೆ' ಎಂದು ಸಾಗಹಾಕುತ್ತಾರೆ ಎಂಬುದು ತಿಳಿಯುವುದು ಪರಿಚಯಪ್ಪನವರ ಹುಬ್ಬಿನಲ್ಲಿ. ಹೊಸ ಗಿರಾಕಿಯ ಹೆಸರು ಹೇಳಿದಾಗ ಹುಬ್ಬು ಮೇಲೆ ಹೋದರೆ, ಅರ್ಧ ಅಡ್ವಾನ್ಸು ಈಸಿಕೊಂಡೇ ಮೆಟೀರಿಯಲ್ಲಿಗೆ ಕೈ ಹಾಕಬೇಕು.

ಇವರ ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ. ಅಪ್ಪನ ತಲೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತೇನೆಂದು ಹೊರಟ. ಶೆಡ್ಡಿನ ವಿಳಾಸ, ಮಷೀನು, ಅಳತೆ, ಸರ್ಟಿಫಿಕೇಟು ಎಂದು ಅಚ್ಚುಕಟ್ಟಾಗಿ ನಾಲ್ಕು ಕಾಲಮ್ಮು ಮಾಡಿದ. ಅಪ್ಪ ಪಕ್ಕದಲ್ಲಿ ಕೂತು ಐದನೆಯದನ್ನು ಹಾಕಿಸಿದರು, 'ಯಾರ ಜೊತೆ ಮಾತು ಬಿಟ್ಟಿದ್ದಾರೆ'. ಆಮೇಲೆ ಆರನೆಯದು, 'ಯಾವಾಗ ಕೇಳಬೇಕು'. ಆಮೇಲೆ 'ಹೇಳೋದು ಯಾವತ್ತು, ಕೊಡೋದು ಯಾವತ್ತು'. ಮಗ ತಲೆ ಚಚ್ಚಿಕೊಂಡ, ಆದರೆ ಹುಡುಗ ಜಾಣ, ಅಳಿಸಲಿಲ್ಲ. ಈಗ ಆ ಪಟ್ಟಿ ಕೈಯಿಂದ ಕೈಗೆ ತಿರುಗುತ್ತಿದೆ.

ಅದರಲ್ಲಿ ನನ್ನ ಶೆಡ್ಡಿನ ಹೆಸರಿನ ಮುಂದೆ ಏನು ಬರೆದಿದ್ದಾರೆಂದು ನೋಡಿದೆ. "ಥ್ರೆಡ್ಡಿಂಗ್ ಬಹಳ ಚೆನ್ನಾಗಿದೆ. ಸೋಮವಾರ ಮಾತಾಡಿಸಬೇಡಿ. ಗುರುವಾರ ಅಂದ್ರೆ ಶನಿವಾರ." ಮೈ ಉರಿಯಿತು. ನೇರ ಹೋಗಿ ಕೇಳಿದೆ, "ಏನ್ರೀ ಇದು, ಇದನ್ನ ಓದಿದವರು ನನ್ನ ಹತ್ರ ಬರ್ತಾರಾ?"

ಅವರು ಜೇಬಿನಿಂದ ಯಾರದೋ ಮುರಿದ ಸ್ಟಡ್ಡು ತೆಗೆದು ನನ್ನ ಕೈಗಿಟ್ಟರು. "ಇದನ್ನ ಕೊಟ್ಟೋರು ಓದಿಯೇ ಕಳಿಸಿದಾರೆ ಸಾರ್. ಶನಿವಾರಕ್ಕೇ ಬೇಕಂತೆ, ಅದಕ್ಕೆ ನಿಮಗೆ ಗುರುವಾರ ಅಂತ ಹೇಳಕ್ಕೆ ಹೇಳಿದಾರೆ."