ಪಾಮ್ ಅಂಕಲ್

ಬಸವೇಶ್ವರನಗರದ ಯಾವ ಅಡ್ಡರಸ್ತೆಗೆ ಬೇಕಾದರೂ ಹೋಗಿ, ಒಬ್ಬ ಪಾಮ್ ಅಂಕಲ್ ಸಿಕ್ಕೇ ಸಿಗುತ್ತಾರೆ. ನಿವೃತ್ತಿಯಾಗಿ ಒಂದೆರಡು ವರ್ಷ. ಬೆಳಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಇಡೀ ದಿನ ಖಾಲಿ. ಮೂವತ್ತು-ನಲವತ್ತರ ಸೈಟಿನಲ್ಲಿ ಕಾಂಪೌಂಡಿಗೆ ತಾಗುವಂತೆ ಮನೆ ಕಟ್ಟಿಯಾಗಿದೆ, ಕರಿಬೇವಿಗೂ ಮಣ್ಣು ಬಿಟ್ಟಿಲ್ಲ. ಹೀಗಾಗಿ ತೋಟದ ಆಸೆಯೆಲ್ಲ ಹಾಲ್‌ನೊಳಕ್ಕೆ ನುಗ್ಗಿದೆ.

ಗಿಡ ಕೊಳ್ಳುವಾಗ ಅಂಕಲ್ ನೋಡುವುದು ಎತ್ತರವೊಂದನ್ನೇ. ಸುಳಿ ಹಸಿರಾಗಿದೆಯೇ, ಗರಿಯ ಹಿಂಬದಿಗೆ ನುಸಿ ಹತ್ತಿದೆಯೇ, ಕುಂಡದ ತಳದಲ್ಲಿ ತೂತಿದೆಯೇ, ಇವೆಲ್ಲ ಬಗ್ಗಿ ನೋಡಬೇಕಾದ ವಿಷಯಗಳು. ಅಂಕಲ್‌ಗೆ ಸೊಂಟ ನೋವು. ಆಸ್ಟ್ರೇಲಿಯಾ ಕಡೆಯ ಲಾರ್ಡ್ ಹೋವ್ ದ್ವೀಪದ ಕೆಂಟಿಯಾ ಮಂದ ಬೆಳಕಿನಲ್ಲೂ ತೆಪ್ಪಗಿರುವ ಸಾಧು ಗಿಡ. ಆದರೆ ಬೆಳೆಯುವುದು ನಿಧಾನ, ಅದಕ್ಕೇ ದುಬಾರಿ. ಬೆಲೆ ಕೇಳಿದ ಮೇಲೆ ಅಂಕಲ್ ಮಡಗಾಸ್ಕರ್ ಮೂಲದ ಅರೆಕಾ ಪಾಮ್‌ಗೆ ಬರುತ್ತಾರೆ. ಅಗ್ಗ, ಬೇಗ ಪೊದೆಯಾಗುತ್ತದೆ, ಬೆಳಕು ಸಾಲದಿದ್ದರೆ ಮಾತ್ರ ಸೊರಗುತ್ತದೆ. ಜೊತೆಗೊಂದು ಸಾಗೋ ಪಾಮ್. ಅದು ಪಾಮೇ ಅಲ್ಲ, ಸೈಕಾಸ್. ನಾಯಿ ಕಚ್ಚಿ ತಿಂದರೆ ಅದರ ಪ್ರಾಣಕ್ಕೇ ಸಂಚಕಾರ. ಅಂಕಲ್ ಮನೆಯಲ್ಲಿ ನಾಯಿ ಇಲ್ಲ, ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಮಾತ್ರ ಇದೆ.

ಗಿಡ ಕೊಳ್ಳುವ ಲಾಲ್‌ಬಾಗಿನಿಂದ ಮನೆ ಹತ್ತಿರದ ರಾಜಾಜಿನಗರಕ್ಕೆ ಹಸಿರು ಮಾರ್ಗದ ಮೆಟ್ರೊ ನೇರ ಬರುತ್ತದೆ, ಆದರೆ ಐದಡಿ ಗಿಡವನ್ನು ಸ್ಕ್ಯಾನರಿನೊಳಗೆ ಮಲಗಿಸುವವರು ಯಾರು? ಹಾಗಾಗಿ ಆಕ್ಟಿವಾವೇ ಗತಿ. ಕುಂಡ ಕಾಲಿನ ಮಧ್ಯೆ, ಗರಿಗಳು ಹೆಲ್ಮೆಟ್ಟಿನ ಮೇಲೆ. ಕಾರ್ಡ್ ರೋಡಿನಲ್ಲಿ ಎದುರಿಗೆ ಸಿಕ್ಕವರಿಗೆ ಗಿಡವೇ ಗಾಡಿ ಓಡಿಸಿಕೊಂಡು ಬರುತ್ತಿದೆಯೆಂದು ಕಾಣುತ್ತದೆ.

ಮನೆಗೆ ಬಂದ ಪಾಮ್ ಟಿ.ವಿ. ಪಕ್ಕದ ಕತ್ತಲ ಮೂಲೆಗೆ ಹೋಗುತ್ತದೆ.

“ಕಿಟಕಿ ಹತ್ರ ಇಡ್ರೀ, ಪಾಪ.”

“ಅಲ್ಲಿಟ್ರೆ ಬಂದವರಿಗೆ ಕಾಣಲ್ವಲ್ಲೇ!”

ಇನ್ನು ಆರೈಕೆ. ಬೆಳಗ್ಗೆ ಅಂಕಲ್ ಒಂದು ಚೊಂಬು ನೀರು ಹಾಕುತ್ತಾರೆ. ಅವರು ವಾಕಿಂಗ್ ಹೋದಾಗ, ‘ಇವರಿಗೆಲ್ಲಿ ನೆನಪಿರುತ್ತೆ’ ಎಂದು ಆಂಟಿ ಒಂದು ಚೊಂಬು. ನೆಲ ಒರೆಸಲು ಬಂದವರು ಬಾಡಿದ ಗರಿ ನೋಡಿ ಕನಿಕರದಿಂದ ಇನ್ನೊಂದು. ಗರಿ ಬಾಡಿದ್ದೇ ನೀರು ಹೆಚ್ಚಾಗಿ ಎಂಬುದು ಮೂವರಿಗೂ ಹೊಳೆದಿಲ್ಲ. ಸಾಲದ್ದಕ್ಕೆ 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದಿತಲ್ಲ, ಅಂದಿನಿಂದ ಅಂಕಲ್ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಬೇಡವೆಂದು ಬಿಟ್ಟ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ದಿನವೂ ಅದನ್ನೇ ಕುಡಿದರೆ ಗರಿಯ ತುದಿ ಸುಟ್ಟು ಕಂದಾಗುತ್ತದೆ. ಅಂಕಲ್ ಮೀಸೆ ಕತ್ತರಿ ತಂದು ತುದಿಗಳನ್ನು ಟ್ರಿಮ್ ಮಾಡುತ್ತಾರೆ. ಧೂಳು ಕಂಡರೆ ತೆಂಗಿನೆಣ್ಣೆ ಸವರುತ್ತಾರೆ. ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತದೆ. ಒದ್ದೆ ಬಟ್ಟೆ ಸಾಕಿತ್ತು.

ಯಾರಾದರೂ ಕೆಮ್ಮಿದರೆ ಮುಗಿಯಿತು. “ಪಾಮ್ ಪಕ್ಕ ಕೂತ್ಕೊಳ್ಳಿ, ಗಾಳಿ ಶುದ್ಧ ಮಾಡುತ್ತೆ. ನಾಸಾದವರೇ ಹೇಳಿದ್ದಾರೆ!” ನಾಸಾ 1989ರಲ್ಲಿ ವರದಿ ಕೊಟ್ಟದ್ದು ನಿಜ, ಆದರೆ ಆ ಪರೀಕ್ಷೆ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ. ಇಂಥ ಪರೀಕ್ಷೆಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಕಿಟಕಿ-ಬಾಗಿಲಿಂದ ಗಾಳಿಯಾಡುವಷ್ಟು ಪ್ರಯೋಜನ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕೆಂದರು. ಅಂಕಲ್‌ರ ಹನ್ನೆರಡು-ಹದಿನಾಲ್ಕು ಅಡಿ ಹಾಲ್‌ಗೆ ನೂರೈವತ್ತಕ್ಕೂ ಹೆಚ್ಚು ಕುಂಡ! ಆಗ ಅಂಕಲ್, ಆಂಟಿ, ಸೋಫಾ ಮೂವರೂ ಬೀದಿಯಲ್ಲಿ. ಕಿಟಕಿ ತೆಗೆಯುವುದು ಸುಲಭ, ಆದರೆ ಕಿಟಕಿಯನ್ನು ನಾಸಾ ಹೆಸರಿನಲ್ಲಿ ಯಾರೂ ವಾಟ್ಸಾಪ್‌ಗೆ ಹಾಕುವುದಿಲ್ಲ.

ಅಂಕಲ್‌ರ ನಿಜವಾದ ಅಗ್ನಿಪರೀಕ್ಷೆ ತಿಪಟೂರಿನಿಂದ ಬೀಗರು ಬಂದಾಗ. ಬೀಗರದ್ದು ತೆಂಗಿನ ತೋಟ.

“ಬೀಗರೆ, ಇದು ಎಷ್ಟು ವರ್ಷಕ್ಕೆ ಫಲಕ್ಕೆ ಬರುತ್ತೆ?”

“ಇದು ಫಲಕ್ಕಲ್ಲ ಬೀಗರೆ, ನೋಡೋಕೆ.”

“ಬರೀ ನೋಡೋಕಾ!”

ಬೀಗರು ಕಾಫಿ ಲೋಟ ಕೆಳಗಿಟ್ಟು ಕುಂಡ ವಾಲಿಸಿ ನೋಡಿದರು. ಹೊಳೆಯುವ ಪಿಂಗಾಣಿ ಕುಂಡ, ಗೃಹಪ್ರವೇಶಕ್ಕೆ ಬಂದ ಉಡುಗೊರೆ, ತಳದಲ್ಲಿ ಒಂದು ತೂತೂ ಇಲ್ಲ. ಮೂಸಿ ನೋಡಿ ತೀರ್ಪು ಕೊಟ್ಟರು: “ಬೇರು ಕೊಳೆತದೆ.” ಅಂಕಲ್ ಅಂದು ಊಟಕ್ಕೆ ಒಬ್ಬಟ್ಟು ಬೇಡವೆಂದರು.

ವಿಚಿತ್ರವೆಂದರೆ, ಇದೇ ಗಿಡದಿಂದ ಬಿಡಿಸಿ ಕೆಂಗೇರಿಯ ಮಗಳಿಗೆ ಕೊಟ್ಟಿದ್ದ ನಾಲ್ಕು ಕಂದು ಆಳೆತ್ತರ ಬೆಳೆದು ನಿಂತಿವೆ. ಅವಳಿಗೆ ಪುರುಸೊತ್ತಿಲ್ಲ. ಪೂರ್ವದ ಬಾಲ್ಕನಿಯ ಗಾಜಿನ ಬಾಗಿಲ ಬಳಿ ಇಟ್ಟು ಮರೆತಿದ್ದಾಳೆ, ನೆನಪಾದರೆ ಭಾನುವಾರ ನೀರು. ಅಂಕಲ್ ವಿಜಯನಗರದಲ್ಲಿ ನೇರಳೆ ಮಾರ್ಗ ಹತ್ತಿ ಹೋಗಿ, ಅದರ ಮುಂದೆ ಸೆಲ್ಫಿ ತೆಗೆದು, ‘ನಾನು ಬೆಳೆಸಿದ್ದು’ ಎಂದು ಪಾರ್ಕಿನ ಗ್ರೂಪಿಗೆ ಹಾಕುತ್ತಾರೆ.

ನಿಮ್ಮ ರಸ್ತೆಯ ಅಂಕಲ್ ಇವತ್ತೋ ನಾಳೆಯೋ ನಿಮಗೂ ಒಂದು ಕುಂಡ ತಂದು ಕೊಡುತ್ತಾರೆ. ಬೇಡವೆನ್ನಬೇಡಿ. ತಳಕ್ಕೆ ತೂತು ಮಾಡಿಸಿ, ಕಿಟಕಿ ಪಕ್ಕ ಇಡಿ. ಮೇಲಿನ ಎರಡಿಂಚು ಮಣ್ಣು ಒಣಗಿದ್ದನ್ನು ಬೆರಳಿಟ್ಟು ನೋಡಿ ನೀರು ಹಾಕಿ. ಅವರು ಬಂದು ವಿಚಾರಿಸಿದರೆ ಮಾತ್ರ “ದಿನಾ ಮೂರು ಹೊತ್ತು ಹಾಕ್ತೀನಿ ಅಂಕಲ್” ಅನ್ನಿ.