‘ಸಮಂಜಸ ಸಂಶಯ’ ಉಳ್ಳವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ವೀಸಾ ಅಧಿಕಾರಿಗಳು,
ಷೆಂಗೆನ್ ವಲಯದ ಒಂದು ದೇಶ.
(ಬೀಗರಾಗಬಹುದಾದವರ ಮನೆ ಹೆಸರನ್ನು ಮೊದಲೇ ಬೀದಿಗೆ ತರಬಾರದು ಎಂದು ಅಮ್ಮ ಹೇಳಿದ್ದರಿಂದ ದೇಶದ ಹೆಸರು ಬರೆದಿಲ್ಲ.)

ವಿಷಯ: ನನ್ನ ಅರ್ಜಿಯನ್ನು ತಿರಸ್ಕರಿಸಿದ್ದಕ್ಕೆ ವಂದನೆಗಳು.

ಮಾನ್ಯರೇ,

ತಮ್ಮ ಕಾಗದ ತಲುಪಿತು. ಕಾಗದ ಅನ್ನುವುದಕ್ಕಿಂತ ಅಚ್ಚಾದ ನಮೂನೆ ಅನ್ನಬೇಕು. ಸಾಲಾಗಿ ನಿಂತ ಕಾರಣಗಳಲ್ಲಿ ತಾವು ಒಂದಕ್ಕೆ ಗುರುತು ಹಾಕಿದ್ದಿರಿ: ವೀಸಾ ಅವಧಿ ಮುಗಿಯುವ ಮುನ್ನ ನಾನು ಹೊರಟುಬರುತ್ತೇನೆಯೇ ಎಂಬ ಬಗ್ಗೆ ‘ಸಮಂಜಸ ಸಂಶಯ’ವಿದೆಯಂತೆ. ನನ್ನನ್ನು ಹುಟ್ಟಿದಾಗಿನಿಂದ ಬಲ್ಲ ಸೋದರತ್ತೆಗೂ ನನ್ನ ಮೇಲೆ ಹಲವು ಸಂಶಯಗಳಿವೆ. ಆದರೆ ಸಂಶಯಪಡುವುದಕ್ಕೆ ಅವರು ಇದುವರೆಗೆ 90 ಯೂರೋ ಶುಲ್ಕ ಕೇಳಿಲ್ಲ.

ತಪ್ಪು ನನ್ನದೇ, ನಿಜ ಬರೆದೆ. ಪ್ರಯಾಣದ ಉದ್ದೇಶ ತಿಳಿಸಲು ತಮ್ಮ ಅರ್ಜಿಯಲ್ಲಿ ಪ್ರವಾಸ, ವ್ಯವಹಾರ, ಕ್ರೀಡೆ, ಓದು, ಚಿಕಿತ್ಸೆ, ‘ಬಂಧು ಅಥವಾ ಸ್ನೇಹಿತರ ಭೇಟಿ’ ಎಂದು ಚೌಕಗಳಿವೆ. ನಾನು ನೋಡಹೊರಟವನು ಬಂಧುವಲ್ಲ, ಸದ್ಯಕ್ಕೆ. ಬರೀ ಸ್ನೇಹಿತ ಎಂದರೆ ಮುನಿಸಿಕೊಳ್ಳುತ್ತಾನೆ. “ಸುಮ್ಮನೆ ಪ್ರವಾಸ ಅಂತ ಹಾಕಿ ಮೇಡಂ, ಅವರ ವಿಷಯ ಎತ್ತಲೇಬೇಡಿ” ಎಂದು ನಮ್ಮ ಬೀದಿಯ ಟ್ರಾವೆಲ್ಸ್‌ನವರು ಉಪದೇಶ ಮಾಡಿದರು. ಆದರೆ ಉಳಿಯುವುದು ಅವನ ಮನೆಯಲ್ಲಿ, ವಿಳಾಸ ಅವನದು. ಮುಚ್ಚಿಟ್ಟದ್ದು ಬಯಲಾದರೆ ಈ ಅರ್ಜಿಯ ಜೊತೆಗೆ ಮುಂದಿನವೂ ಹಾಳು. ಬ್ರಿಟನ್ನಿನ ಅರ್ಜಿಯಂತೂ, ಬೇರೆ ಯಾವ ದೇಶವಾದರೂ ವೀಸಾ ನಿರಾಕರಿಸಿದೆಯೇ ಎಂದೂ ಕೇಳುತ್ತದೆ. ಹಾಗಾಗಿ ಸ್ನೇಹಿತನ ಚೌಕಕ್ಕೇ ಗುರುತು ಹಾಕಿ, ಜೊತೆಗಿಟ್ಟ ಪತ್ರದಲ್ಲಿ ಪ್ರೀತಿಯ ವಿಷಯವನ್ನು ಎರಡೇ ಸಾಲಿನಲ್ಲಿ ಬರೆದೆ. ಆಮೇಲೆ ತಮ್ಮ ತರ್ಕ ಹೊಳೆಯಿತು: ಪ್ರೀತಿ ಇಲ್ಲ ಎಂದರೆ ಹೋಗಲು ಕಾರಣವಿಲ್ಲ, ಇದೆ ಎಂದರೆ ಬರಲು ಕಾರಣವಿಲ್ಲ.

ನನಗೂ ಗಂಡು ಹುಡುಕಿದ್ದುಂಟು. ವರನ ಕಡೆಯವರು ಬಂದು, ಕೇಸರಿಬಾತು ಉಪ್ಪಿಟ್ಟು ತಿಂದು, “ಹಾಡು ಬರುತ್ತಾ?” ಎಂದು ಕೇಳಿ, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಎದ್ದು ಹೋಗುತ್ತಿದ್ದರು. ಅಂದು ಅದೇ ದೊಡ್ಡ ಅವಮಾನ ಅನ್ನಿಸಿತ್ತು. ತಾವು ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸ್, ಕಾಲೇಜಿನ ಪ್ರಾಂಶುಪಾಲರಿಂದ ರಜೆಯ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ವಿಮೆ, ಹೋಗಿಬರುವ ವಿಮಾನದ ಬುಕಿಂಗ್ ಎಲ್ಲವನ್ನೂ ತರಿಸಿಕೊಂಡಿರಿ. ಉಪ್ಪಿಟ್ಟು ಮಾತ್ರ ಕೇಳಲಿಲ್ಲ. ಕಾಗದ ಬರೆಯಲು ತಮ್ಮ ನಿಯಮದಲ್ಲಿ 15 ದಿನ, ಬೇಕೆನಿಸಿದರೆ 45 ದಿನ. ವರನ ಕಡೆಯವರು ಬರೆಯುತ್ತಲೇ ಇರಲಿಲ್ಲ, ತಾವು ಬರೆದಿರಿ. ಅಷ್ಟರಮಟ್ಟಿಗೆ ತಾವೇ ಮೇಲು.

ಬೆರಳಚ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತು ಬೆರಳನ್ನೂ ಗಾಜಿನ ಮೇಲೆ ಒತ್ತಿಸಿಕೊಂಡಿರಿ, 59 ತಿಂಗಳೊಳಗೆ ಮತ್ತೆ ಅರ್ಜಿ ಹಾಕಿದರೆ ಅವೇ ನಡೆಯುತ್ತವಂತೆ. ಹೋದ ತಿಂಗಳು ಅವನು ಗುಟ್ಟಾಗಿ ಅಮ್ಮನಿಗೆ ಫೋನ್ ಮಾಡಿ ನನ್ನ ಉಂಗುರದ ಬೆರಳಿನ ಅಳತೆ ಕೇಳಿದ. ಅಮ್ಮನಿಗೆ ಗೊತ್ತಿರಲಿಲ್ಲ. ತಮ್ಮ ಕಚೇರಿಯಲ್ಲಿದೆ, ದಯವಿಟ್ಟು ಅವನಿಗೆ ತಿಳಿಸಿ.

ಇನ್ನು ನಮ್ಮ ಸರ್ಕಾರದ ಉದಾರತೆ ಕೇಳಿ. ಅವನು ಮೈಸೂರಿಗೆ ಬರಬೇಕೆಂದಾಗ ಸೋಫಾದ ಮೇಲೆ ಕಾಲು ಚಾಚಿ ಇ-ಟೂರಿಸ್ಟ್ ವೀಸಾಕ್ಕೆ ಅರ್ಜಿ ತುಂಬಿದ. ಸಂದರ್ಶನವಿಲ್ಲ, ಸಂಬಳದ ಚೀಟಿ ಇಲ್ಲ. 30 ದಿನದ ಅನುಮತಿ ಇಮೇಲ್‌ನಲ್ಲಿ ಬಂತು. ಆ ವೀಸಾದ ಉದ್ದೇಶಗಳಲ್ಲಿ ಅಲ್ಪಾವಧಿಯ ಯೋಗ ತರಬೇತಿಯೂ ಒಂದು. ಹಾಗಾಗಿ ಇಲ್ಲಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದ ಬಿಳಿಯ ಎಂದೇ ಅಕ್ಕಪಕ್ಕದವರು ತಿಳಿದರು, ನಾವೂ ತಿದ್ದಲಿಲ್ಲ. ಪ್ರೀತಿಗೆ ಚೌಕ ನಮ್ಮ ಅರ್ಜಿಯಲ್ಲೂ ಇಲ್ಲ ನೋಡಿ. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಸಲ್ಲಿಸಬೇಕು. ಬ್ಯಾಂಕಿನಲ್ಲಿ ಸವೆದು ನಿವೃತ್ತರಾದ ಅಪ್ಪನಿಗೆ ಬಹುಕಾಲದ ಮೇಲೆ ತುಂಬಲು ಒಂದು ಫಾರಂ ಸಿಕ್ಕಿತು. “ಎಷ್ಟು ದಿನ ಇರ್ತೀಯಪ್ಪಾ?” ಎಂದು ಕನ್ನಡದಲ್ಲೇ ಕೇಳಿದರು. ಅವನು ಬೆರಳು ಎಣಿಸಿ “ಇಪ್ಪತ್ತೆಂಟು” ಎಂದ. ಅಷ್ಟು ಕನ್ನಡ ಕಲಿಸಿಯೇ ಕರೆತಂದಿದ್ದೆ.

ಒಂದು ವೇಳೆ ತಾವು ವೀಸಾ ಕೊಟ್ಟಿದ್ದರೂ ಯಾವುದೇ 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ ಎಂಬುದು ನಿಯಮ. ಅದು ಒಂದು ದೇಶದ ಲೆಕ್ಕವೂ ಅಲ್ಲ, 29 ದೇಶಗಳದ್ದು ಒಟ್ಟಿಗೆ. ನಮ್ಮ ಕಡೆ ಹೊಸದಾಗಿ ಮದುವೆಯಾದವಳನ್ನು ಆಷಾಢದಲ್ಲಿ ಒಂದು ತಿಂಗಳು ತವರಿಗೆ ಕಳಿಸುತ್ತಾರೆ. ಅದನ್ನು ಮೂಢನಂಬಿಕೆ ಎಂದು ನಾನು ತರಗತಿಯಲ್ಲಿ ಟೀಕಿಸಿದ್ದೇನೆ. ಮದುವೆಗೆ ಮೊದಲೇ, ವರ್ಷಕ್ಕೆ ಆರು ತಿಂಗಳಂತೆ ಆಷಾಢ ಆಚರಿಸುವ ತಮ್ಮನ್ನು ಕಂಡ ಮೇಲೆ ಆ ಟೀಕೆ ವಾಪಸು ಪಡೆದಿದ್ದೇನೆ.

ಇದೆಲ್ಲ ಶುರುವಾದದ್ದು ಗಡಿ ಅಳಿಸುವ ಆಸೆಯಿಂದ ಎಂಬುದೇ ಸೋಜಿಗ. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯ ಮೇಲೆ ದೋಣಿಯಲ್ಲಿ ಕೂತು ಐದು ದೇಶಗಳವರು ಒಪ್ಪಂದಕ್ಕೆ ಸಹಿ ಹಾಕಿದರು. ಒಳಮನೆಯ ಬಾಗಿಲು ತೆಗೆದವರು ಹೆಬ್ಬಾಗಿಲಿಗೆ ಅಗುಳಿ ಗಟ್ಟಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ನಮ್ಮ ವಠಾರದಲ್ಲೂ ಹಾಗೇ ನಡೆಯುತ್ತಿತ್ತು.

ಪ್ರೀತಿ ತಮಗೆ ತಿಳಿಯದ್ದೇನೂ ಅಲ್ಲ. 2020ರಲ್ಲಿ ಕೊರೋನಾದಿಂದ ಗಡಿ ಮುಚ್ಚಿದಾಗ ಗಂಡ-ಹೆಂಡಿರಿಗೆ ದಾರಿಯಿತ್ತು, ಮದುವೆಯಾಗದ ಜೋಡಿಗಳು ಆಚೀಚೆ ಸಿಕ್ಕಿಬಿದ್ದರು. ಪ್ರೀತಿ ಎಂದರೆ ಪ್ರವಾಸವಲ್ಲ ಎಂದು ಅವರು ದೊಡ್ಡ ಚಳವಳಿಯನ್ನೇ ಹೂಡಿದರು. ಡೆನ್ಮಾರ್ಕ್ ಬಾಗಿಲು ತೆರೆಯಿತು. ಆಗಸ್ಟ್‌ನಲ್ಲಿ ಜರ್ಮನಿಯೂ ಒಪ್ಪಿ, ಇಬ್ಬರ ಸಹಿಯಿರುವ ಹೇಳಿಕೆಯನ್ನೂ ಹಿಂದೆ ಭೇಟಿಯಾಗಿದ್ದಕ್ಕೆ ಪಾಸ್‌ಪೋರ್ಟಿನ ಮುದ್ರೆಯಂಥ ಪುರಾವೆಯನ್ನೂ ಕೇಳಿತು. ಭೇಟಿಯಾಗಲು ಬೇಕಾದದ್ದು ಭೇಟಿಯಾದ ಪುರಾವೆ! ಆದರೂ ಪ್ರೀತಿಗೆ ಅಂದು ಕೆಲಕಾಲ ಒಂದು ಚೌಕ ಸಿಕ್ಕಿತ್ತು.

ಈಗ ತಮ್ಮ ಹೊಸ ಕೃಪೆಯ ವಿಷಯ. 2024ರ ಏಪ್ರಿಲ್‌ನಿಂದ ಭಾರತೀಯರಿಗೊಂದು ವಿಶೇಷ ಸವಲತ್ತು ಇದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮ ಮೀರದೆ ಬಳಸಿದವರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರುವ ವೀಸಾ; ಅದಾದ ಮೇಲೆ ಐದು ವರ್ಷದ್ದು. ಬಿಡಿಸಿ ಹೇಳಿದರೆ, ತಮ್ಮ ವಿಶ್ವಾಸ ಗಳಿಸಲು ನಾನು ಅವನನ್ನು ಎರಡು ಸಲ ಬಿಟ್ಟು ಬರಬೇಕು. ಅದಕ್ಕೂ ನಾನು ಸಿದ್ಧ. ಮೊದಲನೇ ಸಲ ಬಿಟ್ಟು ಬರುವುದಕ್ಕೆ ಒಮ್ಮೆ ಹೋಗಲು ಬಿಡಬೇಕಲ್ಲ ಎಂಬುದಷ್ಟೇ ನನ್ನ ವಿನಂತಿ.

ಕೊನೆಗೆ, ತಮ್ಮ ಸಂಶಯದ ಬಗ್ಗೆ. ಬಂದವರೆಲ್ಲ ಅಲ್ಲೇ ಉಳಿಯಬಯಸುತ್ತಾರೆ ಎಂದು ತಾವು ನಂಬಿದ್ದೀರಿ. ಕೆಲವರು ಉಳಿದದ್ದೂ ನಿಜ. ಆದರೆ ನಮ್ಮ ಮನೆಯಲ್ಲಿ ಸಂಶಯ ಬೇರೆ ದಿಕ್ಕಿನಲ್ಲಿ ಹರಿಯಿತು. ಅವನು ಬಂದ ಎರಡನೇ ವಾರ, ಬಿಸಿಬೇಳೆಬಾತಿಗೆ ಮೂರನೇ ಸಲ ತಟ್ಟೆ ಒಡ್ಡಿದಾಗ ಅಪ್ಪ ನನ್ನ ಕಿವಿಯಲ್ಲಿ, “ಇವನು ಇಪ್ಪತ್ತೆಂಟಕ್ಕೆ ಹೊರಡೋ ಹಾಗೆ ಕಾಣಲ್ಲ ಕಣೇ” ಎಂದರು. ಫಾರಂ ತುಂಬಿ ಸಹಿ ಹಾಕಿದ್ದವರು ಅವರು, ಸಿಕ್ಕಿಬೀಳುವವರೂ ಅವರೇ. ನನ್ನ ಮಟ್ಟಿಗೆ ಅದೂ ಸಮಂಜಸ ಸಂಶಯವೇ. ಅಷ್ಟಾಗಿಯೂ ಅವರು ಸಂಬಳದ ಚೀಟಿ ಕೇಳಲಿಲ್ಲ, ಸೌಟು ಕೈಗೆತ್ತಿಕೊಂಡು ಇನ್ನಷ್ಟು ಬಡಿಸಿದರು. ಇಪ್ಪತ್ತೆಂಟನೇ ದಿನ ಅವನು ಚಟ್ನಿಪುಡಿಯ ಡಬ್ಬ ಹೊತ್ತು ಹೊರಟ. ಗೇಟಿನ ಬಳಿ ಅಪ್ಪ ಸ್ವಲ್ಪ ಹೆಚ್ಚೇ ಹೊತ್ತು ನಿಂತಿದ್ದರು.

ಇಂತಿ,
ತಮ್ಮ ವಿಶ್ವಾಸಿ
(ಈ ಪದಕ್ಕೂ ದಾಖಲೆ ಬೇಕಿದ್ದರೆ ತಿಳಿಸಿ, ಲಗತ್ತಿಸುತ್ತೇನೆ.)

ತಾ.ಕ.: ಮುಂದಿನ ವಾರ ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಭಾವಚಿತ್ರದಲ್ಲಿ ನಗಬಾರದೆಂಬ ನಿಯಮ ನೆನಪಿದೆ. ಈ ಸಲ ಕಷ್ಟವಾಗಲಿಲ್ಲ.